ಕ್ರುಸೇಡರ್ ಕಿಂಗ್ಸ್: ಮತ ಮತ್ತು ಸಾಮಂತರು

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ 'ಕ್ರುಸೇಡರ್ ಕಿಂಗ್ಸ್ 3' ಮಧ್ಯಯುಗದ ರಾಜಕಾರಣವನ್ನು ಆಧರಿಸಿದ ಕಂಪ್ಯೂಟರ್ ಆಟ. ಆಟಗಾರನ ಕೈಯಲ್ಲಿರುವುದು ದೇಶವಲ್ಲ, ರಾಜವಂಶ; ಅರಸ ಮಡಿದರೆ ವಾರಸುದಾರನ ಪಾತ್ರದಲ್ಲಿ ಆಟ ಮುಂದುವರಿಯುತ್ತದೆ. ಕ್ರಿ.ಶ. 867ರಿಂದ ಆರಂಭಿಸಿದರೆ ನಕ್ಷೆಯಲ್ಲಿ ರಾಷ್ಟ್ರಕೂಟರೂ ಇದ್ದಾರೆ.

ಇಲ್ಲಿ ಹೊರಗಿನ ಶತ್ರುವಿಗಿಂತ ಸ್ವಂತ ಸಾಮಂತರೇ ಅಪಾಯಕಾರಿಗಳು. ಅತೃಪ್ತರು ಬಣ ಕಟ್ಟುತ್ತಾರೆ. ಬಣದ ಸೇನಾಬಲ ಅರಸನ ಬಲದ ಶೇ. 80ನ್ನು ಮುಟ್ಟಿದೊಡನೆ ಅಸಮಾಧಾನ ಏರತೊಡಗಿ, ಕಡೆಗೆ ಬೇಡಿಕೆ ಸಿಂಹಾಸನದ ಮುಂದೆ ಬರುತ್ತದೆ. ನಿರಾಕರಿಸಿದರೆ ಅಂತರ್ಯುದ್ಧ. ಪ್ರಬಲ ಸಾಮಂತನಿಗೆ ಮಂತ್ರಿಪದವಿ ನೀಡುವುದು, ಮಕ್ಕಳ ವಿವಾಹದಿಂದ ಮೈತ್ರಿ ಬೆಳೆಸುವುದು, ಆತನ ಗುರುತರ ಗುಟ್ಟೊಂದನ್ನು ಪತ್ತೆಮಾಡಿ ಹಿಡಿತದಲ್ಲಿಡುವುದು ಇದಕ್ಕಿರುವ ಉಪಾಯಗಳು. ಬೀಗತನವೇ ಸುಲಭ, ಆದರೆ ಬೀಗರ ಯುದ್ಧಕ್ಕೂ ಕರೆ ಬರುತ್ತದೆ!

ಮತದ ವಿಷಯದಲ್ಲಿ ಅವಸರ ಸಲ್ಲದು. ಅರಸ ಮತ ಬದಲಿಸಿದರೆ, ಅದನ್ನು ಒಪ್ಪದ ಸಾಮಂತರ ವಿಶ್ವಾಸ ಕುಸಿಯುತ್ತದೆ. ಹಳೆಯ ಮತದ ಪ್ರಜೆಗಳು ದಂಗೆಯೇಳಲೂಬಹುದು. ಆಸ್ಥಾನದ ಧರ್ಮಾಧಿಕಾರಿಯ ಮೂಲಕ ಪ್ರಾಂತ್ಯಗಳನ್ನು ಒಂದೊಂದಾಗಿ ಪರಿವರ್ತಿಸಲು ವರ್ಷಗಳೇ ಬೇಕು. ಹೊಸದಾಗಿ ಪಟ್ಟವೇರಿದವನ ಮೇಲೆ ಸಾಮಂತರಿಗೆ ಮೊದಲೇ ವಿಶ್ವಾಸ ಕಡಿಮೆ. ಆದ್ದರಿಂದ ಈ ಸಾಹಸಕ್ಕೆ ಬಹುಕಾಲ ಆಳಿದ, ಸಾಮಂತರು ಅಂಜುವ ಅರಸನೇ ತಕ್ಕವನು.