ಅಟ್ಟೆ ತೆಳುವಾದ ಕಥೆ

1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಆರೋಹಿಗಳು ಚಳಿಗೆ ಸಿಕ್ಕಿ ಸತ್ತರು. ಬಂಡೆ ಹತ್ತಲೆಂದು ಅವರು ತೊಟ್ಟಿದ್ದ ತೆಳು ಅಟ್ಟೆಯ ಪಾದರಕ್ಷೆಗಳು ಹಿಮಕ್ಕೆ ತಡೆಯಲಿಲ್ಲ. ಆ ತಂಡದಲ್ಲಿದ್ದು ಬದುಕುಳಿದ ಮಿಲಾನಿನ ವಿಟಾಲೆ ಬ್ರಮಾನಿಗೆ ಗೆಳೆಯರ ಸಾವನ್ನು ಮರೆಯಲಾಗಲಿಲ್ಲ. ಹಲ್ಲುಹಲ್ಲಾಗಿ ನೆಲವನ್ನು ಕಚ್ಚಿ ಹಿಡಿಯುವ ದಪ್ಪ ರಬ್ಬರ್ ಅಟ್ಟೆಯೊಂದನ್ನು ಆತ 1937ರಲ್ಲಿ ಹೊರತಂದ. ತನ್ನ ಹೆಸರನ್ನೇ ಮೊಟಕು ಮಾಡಿ ಅದನ್ನು ‘ವಿಬ್ರಮ್’ ಎಂದು ಕರೆದ. 1954ರಲ್ಲಿ ಕೆ2 ಶಿಖರವನ್ನು ಮೊದಲ ಬಾರಿಗೆ ಏರಿದ ಇಟಲಿಯವರ ಕಾಲಲ್ಲಿದ್ದದ್ದು ಅದೇ ಅಟ್ಟೆ.

ಕಾಲಿಗೂ ನೆಲಕ್ಕೂ ನಡುವೆ ದಪ್ಪ ರಬ್ಬರ್ ಇಡಲೆಂದೇ ಹುಟ್ಟಿದ ಈ ಕಂಪನಿ, ಸುಮಾರು ಎಪ್ಪತ್ತು ವರ್ಷಗಳ ನಂತರ, ಕೆಲವೇ ಮಿಲಿಮೀಟರ್ ದಪ್ಪದ ಶೂ ಮಾರಲು ಹೊರಟಿತು. ಕೈಗವಸಿನ ಹಾಗೆ ಅದರ ಒಂದೊಂದು ಬೆರಳಿಗೂ ಒಂದೊಂದು ಗೂಡು. ಅದನ್ನು ಕಲ್ಪಿಸಿದವನು ರಾಬರ್ಟ್ ಫ್ಲಿರಿ ಎಂಬ ವಿನ್ಯಾಸದ ವಿದ್ಯಾರ್ಥಿ. ‘ಫೈವ್‌ಫಿಂಗರ್ಸ್’ ಹೆಸರಿನ ಆ ಶೂವನ್ನು ಮೊದಲು ದೋಣಿ ನಡೆಸುವವರಂಥ ಹೊರಾಂಗಣ ಹವ್ಯಾಸಿಗಳಿಗಾಗಿ ಮಾಡಲಾಗಿತ್ತು. ಅದನ್ನು ಕೈಗೆತ್ತಿಕೊಂಡವರು ಮಾತ್ರ ಓಟಗಾರರು.

ಇಂದು ‘ಮಿನಿಮಲಿಸ್ಟ್’ ಎಂದು ಬೇರೆ ಹೆಸರಿಟ್ಟು ಮಾರುವ ಶೂ, 1970ಕ್ಕೆ ಮೊದಲು ಬರೀ ಶೂ ಆಗಿತ್ತು. ತೆಳು ರಬ್ಬರ್, ಮೇಲೊಂದಿಷ್ಟು ಬಟ್ಟೆ ಅಥವಾ ಚರ್ಮ, ಅಷ್ಟೆ. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಜಾಗಿಂಗ್ ಅಲೆ ಎದ್ದಿತು. ಒರೆಗಾನ್‌ನ ತರಬೇತುದಾರ ಬಿಲ್ ಬೋವರ್‌ಮನ್ ಮನೆಯ ವಾಫಲ್ ಕಾವಲಿಗೆ ರಬ್ಬರ್ ಸುರಿದು ಹೊಸ ಅಟ್ಟೆ ಮಾಡಿದ ಕಾಲ ಅದು. ಎಂದೂ ಓಡದ ಲಕ್ಷಾಂತರ ಜನ ರಸ್ತೆಗಿಳಿದರು. ಅವರಿಗಾಗಿ ಹಿಮ್ಮಡಿಯ ಕೆಳಗೆ ಮೆತ್ತೆ ಏರುತ್ತಾ ಹೋಯಿತು.

ಅದಕ್ಕೂ ಹಿಂದೆ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲೇ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದಿದ್ದ. ಅಲ್ಲಿ ಸಿಕ್ಕ ಶೂಗಳು ಅವನ ಕಾಲಿಗೆ ಒಗ್ಗಿರಲಿಲ್ಲ. ಬರಿಗಾಲಿನ ಓಟ ಮೊದಲಿನಿಂದಲೂ ಒಗ್ಗಿತ್ತು. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ತೊಟ್ಟು ಓಡಿ ಮೂರು ನಿಮಿಷ ಬೇಗ ಮುಗಿಸಿದ ಎಂಬುದನ್ನು ಬರಿಗಾಲಿನ ಅಭಿಮಾನಿಗಳು ಹೇಳುವುದು ಕಡಿಮೆ. ಭಾರತದ ಶಿವನಾಥ್ ಸಿಂಗ್ ಅವರೂ ಬರಿಗಾಲ ಓಟಕ್ಕೆ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಅವರದು 11ನೇ ಸ್ಥಾನ. 1978ರಲ್ಲಿ ಜಲಂಧರದಲ್ಲಿ ಅವರು ಬರೆದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕ ಕಳೆದರೂ ಯಾರೂ ಮುರಿಯಲಿಲ್ಲ.

ಫುಟ್‌ಬಾಲ್‌ನಲ್ಲೂ ಇದೇ ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲಿ ಫ್ರಾನ್ಸ್ ವಿರುದ್ಧ ಆಡಿ 1–2ರಿಂದ ಸೋತರು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಸೋಲಿಸಿದ ಮೇಲೆ ಭಾರತ ಬೂಟಿಗೆ ಬದಲಾಯಿತು.

ಮತ್ತೆ ಬರಿಗಾಲಿನತ್ತ ಕಣ್ಣು ಹೊರಳಿದ್ದು 2009ರಲ್ಲಿ, ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ ಪುಸ್ತಕದಿಂದ. ಮೆಕ್ಸಿಕೋದ ಕಣಿವೆಗಳ ರರಾಮುರಿ ಜನರ ಕಥೆ ಅದು. 1993ರಲ್ಲಿ ಕೊಲರಾಡೊದ 100 ಮೈಲಿ ಓಟವನ್ನು ಗೆದ್ದವನು ಅವರಲ್ಲೊಬ್ಬ, 55 ವರ್ಷದ ವಿಕ್ಟೋರಿಯಾನೊ ಚುರೊ. ಕಾಲಲ್ಲಿದ್ದದ್ದು ಟೈರ್ ಕತ್ತರಿಸಿ ಮಾಡಿದ ಚಪ್ಪಲಿ. ಹಳೆಯ ಟೈರಿನ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದವರ ನಮ್ಮ ನಾಡಿಗೆ ಇದರಲ್ಲಿ ಅಚ್ಚರಿ ಕಡಿಮೆ. ಅಮೆರಿಕಕ್ಕೆ ಅದು ಸಿಡಿಲಿನಂಥ ಸುದ್ದಿ. 2010ರ ಜನವರಿಯಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು: ಬರಿಗಾಲಲ್ಲಿ ಓಡಿ ಬೆಳೆದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಹಿಮ್ಮಡಿ ಊರುವವರಿಗೆ ತಗಲುವ ಹಠಾತ್ ಪೆಟ್ಟು ಅವರಿಗೆ ತಗಲುವುದಿಲ್ಲ. ಇದರಿಂದ ಗಾಯ ಕಡಿಮೆಯಾಗುತ್ತದೆ ಎಂದು ಆ ಲೇಖನ ಸಾಬೀತುಪಡಿಸಿರಲಿಲ್ಲ. ಆದರೆ ಪೇಟೆ ಅಷ್ಟಕ್ಕೆ ಕಾಯಲಿಲ್ಲ.

ಬೆಲೆ ತೆತ್ತದ್ದು ಕಾಲು. 2013ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 36 ಅನುಭವಿ ಓಟಗಾರರನ್ನು ಹತ್ತು ವಾರ ಗಮನಿಸಿದರು. ಬೆರಳಿನ ಶೂಗೆ ಬದಲಾದ 19 ಮಂದಿಯಲ್ಲಿ 10 ಜನರ ಪಾದದ ಮೂಳೆಯ ಮಜ್ಜೆಯಲ್ಲಿ ಊತ ಹೆಚ್ಚಿದ್ದು ಎಂಆರ್‌ಐನಲ್ಲಿ ಕಂಡಿತು. ಹಳೆಯ ಶೂನಲ್ಲೇ ಓಡಿದ 17 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ. ಮುಂದಿನ ವರ್ಷ ವಿಬ್ರಮ್ ತನ್ನ ಆರೋಗ್ಯದ ಜಾಹೀರಾತುಗಳ ಮೇಲಿನ ದಾವೆಯನ್ನು ಮುಗಿಸಲು, ತಪ್ಪೊಪ್ಪಿಕೊಳ್ಳದೆ, 37.5 ಲಕ್ಷ ಡಾಲರ್ ಕೊಡಲು ಒಪ್ಪಿತು.

ತೆಳು ಅಟ್ಟೆ ತಪ್ಪೆಂದು ಇದರಿಂದ ತೀರ್ಮಾನಿಸುವುದು ಅವಸರ. ತಪ್ಪಿದ್ದದ್ದು ಅದಕ್ಕೆ ಬದಲಾದ ವೇಗದಲ್ಲಿ. ಆ ವೇಗ ಏಕೆ ತಪ್ಪೆಂಬುದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಸಿಕ್ಕಿತ್ತು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ತೊಡದವರಲ್ಲಿ ಶೇ 2.8. ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಅದು ಇನ್ನೂ ಹೆಚ್ಚು. ಪಾದದ ಕಮಾನು ಗಟ್ಟಿಯಾಗುವುದು ಬಾಲ್ಯದ ವರ್ಷಗಳಲ್ಲಿ. ನಲವತ್ತರ ವಯಸ್ಸಿನವರು ಹತ್ತು ವಾರದಲ್ಲಿ ಬಾಲ್ಯವನ್ನು ಮರಳಿ ಪಡೆಯಲಾರರು.

2015ರಲ್ಲಿ 11 ದೇಶಗಳ 42 ತಜ್ಞರು ಸೇರಿ, ಯಾವುದನ್ನು ಮಿನಿಮಲಿಸ್ಟ್ ಶೂ ಎನ್ನಬೇಕೆಂದು ಒಮ್ಮತಕ್ಕೆ ಬಂದರು. ನೋಡಬೇಕಾದ್ದು ತೂಕ, ಅಟ್ಟೆಯ ದಪ್ಪ, ಹಿಮ್ಮಡಿಗೂ ಬೆರಳಿಗೂ ಇರುವ ಎತ್ತರದ ವ್ಯತ್ಯಾಸ, ಬಾಗುವ ಗುಣ, ಪಾದವನ್ನು ಹಿಡಿದಿಡುವ ಆಸರೆಗಳು. ಅಂಗಡಿಯಲ್ಲಿ ಶೂವನ್ನು ಕೈಯಲ್ಲಿ ಹಿಡಿದು ಮಡಚಿ, ತಿರುಚಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಒಳಗೆ ಬೆರಳುಗಳು ಅಗಲವಾಗಿ ಹರಡಬೇಕು.

ಮೊದಲ ವಾರಗಳಲ್ಲಿ ಆ ಶೂ ತೊಟ್ಟು ನಡೆದಾಡಿದರೆ ಸಾಕು. ಆಮೇಲೆ ವಾರಕ್ಕೆ ಎರಡು ಬಾರಿ, ಕೆಲವೇ ನಿಮಿಷದ ಓಟ. ಉಳಿದ ದಿನ ಹಳೆಯ ಶೂ. ಮೀನಖಂಡ ಬಿಗಿದು ನೋಯುವುದು ಸಹಜ, ಅದು ಎರಡು ದಿನದಲ್ಲಿ ಇಳಿಯುತ್ತದೆ. ಪಾದದ ಮೇಲ್ಭಾಗದ ಮೂಳೆಯಲ್ಲಿ ಒಂದೇ ಕಡೆ ಒತ್ತಿದರೆ ನೋವಾಗುತ್ತಿದ್ದರೆ ಅಂದೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಈ ಪ್ರಯೋಗಕ್ಕೆ ಕೈಹಾಕದಿರಲಿ.