ಕಲ್ಲಿನ ಮೇಲೆ ಬರೆದ ಮನ್ನಣೆ



ನಿಮ್ಮ ಊರಿನ ಗುಡಿಯ ಮುಂದೆಯೋ ಕೆರೆ ಏರಿಯ ಮೇಲೆಯೋ ಅಕ್ಷರ ಕೆತ್ತಿದ ಕಲ್ಲೊಂದು ನಿಂತಿರುವುದನ್ನು ನೀವು ನೋಡಿರಬಹುದು. ಮೇಲ್ಭಾಗದಲ್ಲಿ ಸೂರ್ಯ ಚಂದ್ರರು, ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಹಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಇಂಥ ಶಾಸನಗಳು ಅನೇಕ. ಶಾಸನವೆಂದರೆ ಯುದ್ಧ ಮತ್ತು ಗುಡಿಗಳ ಸಂಗತಿ ಮಾತ್ರವೆಂದು ತಿಳಿಯಬೇಡಿ. ಕವಿಗಳನ್ನೂ ವಿದ್ವಾಂಸರನ್ನೂ ನಮ್ಮ ನಾಡು ಹೇಗೆ ಗೌರವಿಸುತ್ತಿತ್ತೆಂಬುದನ್ನು ಅರಿಯಲು ಶಾಸನಗಳೇ ನಮಗೆ ಮುಖ್ಯ ಆಧಾರ.

ಇಂದು ಪ್ರಶಸ್ತಿ ಎಂದೊಡನೆ ಶಾಲು, ಹಾರ, ಫಲಕ, ನಗದು ಹಣ ನೆನಪಿಗೆ ಬರುತ್ತವೆ. ಹಿಂದೆ ಬಿರುದಿನ ಜೊತೆಗೆ ಭೂಮಿಯೂ ದೊರೆಯುತ್ತಿತ್ತು. 10ನೆಯ ಶತಮಾನದಲ್ಲಿ ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಈ ಸಂಗತಿಯನ್ನು ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ ಬರೆಯಿಸಿದನು. ಈ ಸ್ಥಳ ಈಗ ತೆಲಂಗಾಣದಲ್ಲಿದೆ. ರನ್ನನಿಗೆ ಚಾಲುಕ್ಯ ತೈಲಪನಿಂದ 'ಕವಿಚಕ್ರವರ್ತಿ' ಎಂಬ ಬಿರುದು ಬಂತು. ಅವನಿಂದ 993ರಲ್ಲಿ ಅಜಿತಪುರಾಣವನ್ನು ಬರೆಸಿದವಳು ಅರಸನಲ್ಲ, ಅತ್ತಿಮಬ್ಬೆ ಎಂಬ ಗೃಹಿಣಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಕವಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೆ ಯಾವುದು?

ಇನ್ನು ಹೊನ್ನಾಳಿಗೆ ನೆರೆಯದಾದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಬನ್ನಿ. ಕಲಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುತ್ತದೆ. ಅಲ್ಲಿ ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ಷಡ್ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧವೂ ಸಿಗುತ್ತಿದ್ದವು. ಇಂಥ ದತ್ತಿಯನ್ನು ಪಡೆದವನು ಪಾಠ ಹೇಳಬೇಕು, ಕೊಟ್ಟದ್ದನ್ನು ಊರು ಕಾಯಬೇಕು. ಅದನ್ನು ಕಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟುವುದೆಂಬ ಎಚ್ಚರಿಕೆಯನ್ನು ಅನೇಕ ಶಾಸನಗಳ ಕೊನೆಯಲ್ಲಿ ಕಾಣುತ್ತೇವೆ.

ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಚನ್ನಗಿರಿಗೆ ಆ ಹೆಸರು ಬಂತೆನ್ನುತ್ತಾರೆ. ಅವಳ ದತ್ತುಪುತ್ರ ಬಸಪ್ಪ ನಾಯಕ ಸ್ವತಃ ವಿದ್ವಾಂಸನಾಗಿದ್ದು, 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ವಿದ್ವಾಂಸರಿಗೆ ಆಶ್ರಯ ಕೊಟ್ಟ ಮನೆತನವೇ ಒಬ್ಬ ವಿದ್ವಾಂಸನನ್ನೂ ಕೊಟ್ಟಿತು.

ಈಗ ದೂರದ ಒಂದು ಉದಾಹರಣೆ. ಜರ್ಮನಿಯ ನೈಋತ್ಯ ಮೂಲೆಯ ಬಾಡೆನ್ ಪ್ರಾಂತದಲ್ಲಿ, ಆಡುಮಾತಿನಲ್ಲಿ ಪದ್ಯ ಬರೆದ ಯೋಹಾನ್ ಪೀಟರ್ ಹೆಬೆಲ್ ಎಂಬ ಕವಿಯ (1760–1826) ಹೆಸರಿನಲ್ಲಿ 1936ರಲ್ಲಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿದರು. ಕವಿ ಬಾಲ್ಯ ಕಳೆದ ಹೌಸೆನ್ ಎಂಬ ಹಳ್ಳಿಯಲ್ಲೇ ಅದನ್ನು ಕೊಡುತ್ತಾರೆ. 1951ರಲ್ಲಿ ಆಲ್ಬರ್ಟ್ ಶ್ವೈಟ್ಜರ್, 1960ರಲ್ಲಿ ತತ್ತ್ವಜ್ಞಾನಿ ಹೈಡೆಗರ್ ಅದನ್ನು ಪಡೆದರು. ಆದರೆ ಅದು ಹುಟ್ಟಿದ್ದು ಹಿಟ್ಲರನ ಆಳ್ವಿಕೆಯಲ್ಲಿ; ಮೊದಲ ಪ್ರಶಸ್ತಿ ಸಂದದ್ದು ಆ ಆಳ್ವಿಕೆಯನ್ನು ಹೊಗಳಿದ ಹರ್ಮನ್ ಬುರ್ಟೆಗೆ. ಯಾವುದೇ ಪ್ರಶಸ್ತಿಯ ವಿಷಯದಲ್ಲಿ ಯಾರಿಗೆ ಬಂತು ಎಂಬುದರ ಜೊತೆಗೆ ಯಾರು ಕೊಟ್ಟರು, ಏಕೆ ಕೊಟ್ಟರು ಎಂದೂ ಕೇಳಬೇಕೆಂಬುದಕ್ಕೆ ಇದು ಸಾಕ್ಷಿ. ಅದೇ ಭಾಗದ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ನಮ್ಮ ಕಿಟ್ಟೆಲ್ ಅವರಿಗೆ ಡಾಕ್ಟರೇಟ್ ನೀಡಿತು. ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿತ್ತು.

ಊರಿನೊಡನೆ ಬೆಸೆದ ಪ್ರಶಸ್ತಿ ನಮ್ಮಲ್ಲಿಯೂ ಇದೆ. 1987ರಲ್ಲಿ ಆರಂಭವಾಗಿ ಮೊದಲು ಕುವೆಂಪು ಅವರಿಗೆ ಸಂದ ಪಂಪ ಪ್ರಶಸ್ತಿ, ಮುಂದೆ ಬನವಾಸಿಯ ಕದಂಬೋತ್ಸವದೊಡನೆ ಕೂಡಿಕೊಂಡಿತು. ಬನವಾಸಿ ಪಂಪ ಮನಸಾರೆ ಮೆಚ್ಚಿದ ನಾಡಲ್ಲವೆ!

ಆದರೆ ಮನ್ನಣೆ ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನು ಮರೆಯಬಾರದು. ಅಗ್ರಹಾರಗಳು ಬ್ರಾಹ್ಮಣರಿಗೆ ಸಂದವು. ಅವುಗಳನ್ನು ನಡೆಸಿದ್ದು ಉಳುವವರ ದುಡಿಮೆ. 12ನೆಯ ಶತಮಾನದ ವಚನಗಳು ಅರಸರ ದತ್ತಿಯನ್ನು ನೆಚ್ಚಿ ಹುಟ್ಟಿದವಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುತ್ತಾರೆ. ಸ್ವಂತ ಲಿಪಿಯಿಲ್ಲದ ಅವರ ಭಾಷೆಯಲ್ಲಿ ಸೇವಾಲಾಲರ ಹಾಡುಗಳು ಬಾಯಿಂದ ಬಾಯಿಗೆ ಬಂದಿವೆ. ಅವಕ್ಕೆ ಕಲ್ಲಿನ ಶಾಸನವಿಲ್ಲ, ಹಾಡುವವರೇ ಶಾಸನ. ಹೆಬೆಲನ ಆಡುಮಾತಿಗೆ ಬಾಡೆನ್ ತೋರಿದ ಗೌರವ ಇಂಥ ಮಾತುಗಳಿಗೂ ಸಲ್ಲಬೇಡವೆ?

ಕಡೆಯದಾಗಿ ಒಂದು ಕೆಲಸ. ಬಿ. ಎಲ್. ರೈಸ್ ಅವರು ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೆಯ ಸಂಪುಟದಲ್ಲಿ (1902), ಜಗಳೂರಿನವನ್ನು 11ನೆಯ ಸಂಪುಟದಲ್ಲಿ (1903) ಪ್ರಕಟಿಸಿದರು. ಆಗ ಮೊದಲ ಎರಡು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾದದ್ದು ಅದಕ್ಕೂ ಈಚೆಗೆ. ಆದ್ದರಿಂದ ನ್ಯಾಮತಿಯ ವಿದ್ಯಾರ್ಥಿಗಳು ತಮ್ಮ ಊರನ್ನು ಹೊನ್ನಾಳಿಯ ಭಾಗದಲ್ಲಿ ಹುಡುಕಬೇಕು. ಗ್ರಂಥಾಲಯದಲ್ಲಿ ಆ ಸಂಪುಟವನ್ನು ತೆರೆದು ನಿಮ್ಮ ಊರಿನ ಹೆಸರಿದೆಯೇ ನೋಡಿ. ಇದ್ದರೆ ಗುರುಗಳೊಡನೆ ಹೋಗಿ ಆ ಕಲ್ಲನ್ನು ಕಾಣಿರಿ. ಅದಕ್ಕೆ ಸುಣ್ಣ ಬಳಿಯಬೇಡಿ, ಬಟ್ಟೆ ಒಗೆಯುವ ಕಲ್ಲಾಗಲು ಬಿಡಬೇಡಿ. ಯಾರೋ ಒಬ್ಬ ಗುರುವಿಗೆ ಒಂದು ಊರು ಕೊಟ್ಟ ಮಾತು ಅದರಲ್ಲಿರಬಹುದು. ಅಂದು ಕಾಯುತ್ತೇವೆಂದವರು ಈಗಿಲ್ಲ. ಆ ಹೊಣೆ ನಿಮ್ಮದು.