ಬಿಯರಿನ ಬಲವೂ ಕಾಯಿದೆಯ ಅಳತೆಗೋಲೂ

ನವೆಂಬರ್ 1 ಎಂದರೆ ನಮ್ಮವರಿಗೆ ತಾಯಿ ಭುವನೇಶ್ವರಿಯ ಪಟ, ಅರಿಸಿನ-ಕುಂಕುಮ ಬಣ್ಣದ ಬಾವುಟ, ಮಕ್ಕಳ ಹಾಡು, ಕೊನೆಗೆ ಬಿಸಿಬೇಳೆ ಹುಳಿಯನ್ನ. 2019ರಲ್ಲಿ ಅದೇ ದಿನ, ಭೂಗೋಳದ ಇನ್ನೊಂದು ಮಗ್ಗುಲಿನ ಯೂಟಾ ಎಂಬ ಅಮೆರಿಕನ್ ರಾಜ್ಯದಲ್ಲಿ ಒಂದು ಹಳೆಯ ಕಾಯಿದೆ ಸಡಿಲವಾಯಿತು. ಅಲ್ಲಿನ ದಿನಸಿ ಅಂಗಡಿಗಳಲ್ಲಿ ಸುಮಾರು ಎಂಬತ್ತೈದು ವರ್ಷ ತೂಕದಲ್ಲಿ ಶೇಕಡಾ 3.2ಕ್ಕಿಂತ ಹೆಚ್ಚು ಮದ್ಯಸಾರವಿರುವ ಬಿಯರನ್ನು ಮಾರುವಂತಿರಲಿಲ್ಲ. ಅಂದಿನಿಂದ ಶೇಕಡಾ 4ರವರೆಗೆ ಮಾರಬಹುದೆಂದಾಯಿತು. ಈ ಸುದ್ದಿ ನಮಗೆ ತಲಪಿದ್ದು ಅಲ್ಲಿ ಉದ್ಯೋಗದಲ್ಲಿರುವ ಬಂಧುಗಳ ಮಗನೊಬ್ಬನಿಂದ. ರಾಜ್ಯೋತ್ಸವದ ಶುಭಾಶಯ ತಿಳಿಸಿ, ಅದರ ಕೆಳಗೇ ಇದನ್ನೂ ಬರೆದಿದ್ದ.

ಹಬ್ಬದ ಸಂಚಿಕೆಯಲ್ಲಿ ಬಿಯರಿನ ಪುರಾಣವೇ ಎಂದು ಹಿರಿಯರು ಹುಬ್ಬೇರಿಸಬಹುದು. ನಾವು ಕುಡಿಯುವ ಪೈಕಿಯಲ್ಲ. ಕುಡಿಯಿರೆಂದು ಹೇಳುವುದಕ್ಕೂ ಹೊರಟಿಲ್ಲ. ಆದರೆ ನಮ್ಮ ಮನೆಗಳ ಹುಡುಗರು ಬೆಂಗಳೂರಿಗೆ, ಗುರುಗ್ರಾಮಕ್ಕೆ, ಸಮುದ್ರದಾಚೆಗೆ ಹೋಗುತ್ತಿದ್ದಾರೆ. ಅವರ ಮುಂದೆ ಬರುವ ಸೀಸೆಯ ಮೇಲೆ ಒಂದು ಅಂಕೆ ಇರುತ್ತದೆ. ಆ ಅಂಕೆಯನ್ನು ಯಾರು ಬರೆದರು, ಯಾರು ತಿದ್ದಿದರು ಎಂಬುದಕ್ಕೆ ಒಂದು ಚರಿತ್ರೆಯಿದೆ.

ನಾವು ಇರುವುದು ಗಂಗೆಯ ಬಲದಂಡೆಯ ರಾಮನಗರದಲ್ಲಿ. ರೇಷ್ಮೆಗೂಡಿನ ರಾಮನಗರವಲ್ಲ, ಕಾಶೀನರೇಶರ ಕೋಟೆಯ ರಾಮನಗರ. ಅಮಲಿನ ವಿಷಯದಲ್ಲಿ ಕಾಯಿದೆ ಎಷ್ಟು ಸೂಕ್ಷ್ಮವಾಗಿ ಗೆರೆ ಎಳೆಯುತ್ತದೆಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನದಿ ದಾಟಿ ಕಾಶಿಯ ಗಲ್ಲಿಗಳಿಗೆ ಹೋದರೆ ಸರ್ಕಾರದ ಪರವಾನಗಿಯ ಭಂಗಿ ಅಂಗಡಿ ಕಾಣುತ್ತದೆ. ಅದೇ ಗಿಡದ ಹೂತೆನೆ ಗಾಂಜಾ. ಅದನ್ನು ಇಟ್ಟುಕೊಂಡವನಿಗೆ ಸೆರೆಮನೆ. 1985ರ ಮಾದಕವಸ್ತು ಕಾಯಿದೆ ಹೂವನ್ನು ಹಿಡಿದು ಎಲೆಯನ್ನು ಬಿಟ್ಟಿತು. ಗಿಡ ಒಂದೇ, ಬಲ ಬೇರೆ ಎಂಬ ನ್ಯಾಯ. ಬಿಯರಿನ ಕಥೆಯೂ ಹೀಗೆಯೇ ಬಲದ ಲೆಕ್ಕದ ಕಥೆ.

ಮೊದಲು ಲೆಕ್ಕವನ್ನೇ ನೋಡೋಣ. ಮದ್ಯಸಾರ ನೀರಿಗಿಂತ ಹಗುರ; ಸಮ ಅಳತೆಯ ನೀರಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು. ಆದ್ದರಿಂದ ಯೂಟಾದವರು ತೂಕದಲ್ಲಿ 3.2 ಎಂದದ್ದು ನಮ್ಮ ದೇಶದ ಅಳತೆಯ ಲೆಕ್ಕದಲ್ಲಿ 4 ಆಗುತ್ತದೆ. ಅವರ ಹೊಸ 4 ನಮ್ಮ 5. ನಮ್ಮಲ್ಲಿ ಬಿಯರಿನ ದೊಡ್ಡ ಸೀಸೆ 650 ಮಿಲಿಲೀಟರ್. ಶೇಕಡಾ 5ರ ಸೀಸೆಯಲ್ಲಿ 32.5 ಮಿಲಿಲೀಟರ್ ಶುದ್ಧ ಮದ್ಯಸಾರ. ಶೇಕಡಾ 8ರದರಲ್ಲಿ 52. ನಮ್ಮ ದೇಶದ ವಿಸ್ಕಿಯ ಬಲ ಸಾಮಾನ್ಯವಾಗಿ 42.8, ಅದರ 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿನಲ್ಲಿ ಇರುವುದು 26ಕ್ಕೆ ತುಸು ಕಡಮೆ. ಅಂದರೆ "ಬರೀ ಬಿಯರು" ಎಂದು ಹಗುರವಾಗಿ ಹೇಳುವ ಒಂದು ಬಲವಾದ ಸೀಸೆ ಎರಡು ದೊಡ್ಡ ಪೆಗ್ಗಿಗೆ ಸಮ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಅಮೆರಿಕದ ಆ 3.2 ಎಲ್ಲಿಂದ ಬಂತು? ಅಲ್ಲಿ 1920ರಿಂದ ದೇಶಾದ್ಯಂತ ಪಾನನಿರೋಧವಿತ್ತು. ಶೇಕಡಾ ಅರ್ಧಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಮಲಿನ ಪಾನೀಯವೆಂದು ಕಾಯಿದೆ. 1933ರಲ್ಲಿ ರೂಸ್‌ವೆಲ್ಟರು ಅಧ್ಯಕ್ಷರಾದಾಗ ದೇಶ ದಿವಾಳಿಯ ಅಂಚಿನಲ್ಲಿತ್ತು. ತೆರಿಗೆ ಬೇಕು, ಉದ್ಯೋಗ ಬೇಕು. ಆದರೆ ಸಂವಿಧಾನದ ತಿದ್ದುಪಡಿಗೆ ತಿಂಗಳುಗಳು ಬೇಕು. ಅದಕ್ಕೆ ಉಪಾಯವಾಗಿ, ಶೇಕಡಾ 3.2ರವರೆಗಿನ ಬಿಯರು ಅಮಲೇರಿಸುವುದಿಲ್ಲವೆಂದು ಆ ಮಾರ್ಚಿನಲ್ಲಿ ಕಾಯಿದೆಯ ಮೂಲಕವೇ ನಿರ್ಣಯಿಸಿಬಿಟ್ಟರು. ಏಪ್ರಿಲ್ 7ರಿಂದ ಮಾರಾಟ ಆರಂಭವಾಯಿತು. ಪಾನನಿರೋಧ ಪೂರ್ತಿ ರದ್ದಾದದ್ದು ಡಿಸೆಂಬರಿನಲ್ಲಿ. ಸಂವಿಧಾನದ ಕಣ್ಣು ತಪ್ಪಿಸಲು ಹುಟ್ಟಿದ ಅಂಕೆ ಅದು! ಅಂಥ ಅಂಕೆಯೇ ಮುಂದೆ ಹಲವು ರಾಜ್ಯಗಳಲ್ಲಿ ಶಾಸ್ತ್ರವಾಕ್ಯದಂತೆ ಉಳಿಯಿತು. ಒಕ್ಲಹೋಮ 2018ರಲ್ಲಿ ಅದನ್ನು ಬಿಟ್ಟಿತು. ಕೊಲರಾಡೊ, ಕ್ಯಾನ್ಸಾಸ್, ಯೂಟಾಗಳು 2019ರಲ್ಲಿ.

ದಕ್ಷಿಣದ ರಾಜ್ಯಗಳಲ್ಲಿ ಮಿತಿ ಬೇರೆಯಾಗಿತ್ತು; ಅಲ್ಲಿಯ ಹೋರಾಟವೂ ಸ್ವಾರಸ್ಯದ್ದು. ನಾರ್ತ್ ಕ್ಯಾರೊಲೈನಾದಲ್ಲಿ ಶೇಕಡಾ 6ರ ಮಿತಿಯಿತ್ತು. 2003ರಲ್ಲಿ ಬಿಯರಿನ ರುಚಿ ಬಲ್ಲ ಕೆಲವರು ಸೇರಿ "ಪಾಪ್ ದ ಕ್ಯಾಪ್" ಎಂಬ ಚಳವಳಿ ಕಟ್ಟಿದರು. ಷಾನ್ ಲಿಲಿ ವಿಲ್ಸನ್ ಅದರ ಮುಂದಾಳು. ಅವರ ವಾದ ಸರಳ: ಅದೇ ಊರಿನ ಅಂಗಡಿಯಲ್ಲಿ ಶೇಕಡಾ 14ರ ದ್ರಾಕ್ಷಾರಸಕ್ಕೆ ಅಡ್ಡಿಯಿಲ್ಲ, ಬೆಲ್ಜಿಯಮಿನ ಸಂನ್ಯಾಸಿಗಳು ಮಠದಲ್ಲಿ ಕುದಿಸುವ ಶೇಕಡಾ 9ರ ಬಿಯರಿಗೆ ಮಾತ್ರ ನಿಷೇಧವೇಕೆ? ಬೆಲೆ ಹೆಚ್ಚಾದ ಅಂಥ ಬಿಯರನ್ನು ಯಾರೂ ಕೊಡಗಟ್ಟಲೆ ಕುಡಿಯುವುದಿಲ್ಲ ಎಂದರು. ಚರ್ಚುಗಳ ಕಡೆಯವರು, ಹುಡುಗರು ಬೇಗ ಅಮಲೇರಿಸಿಕೊಳ್ಳುತ್ತಾರೆಂದು ಎದುರು ನಿಂತರು. ಎರಡು ಮಾತಿನಲ್ಲೂ ಹುರುಳಿತ್ತು. ಶಾಸನಸಭೆಯಲ್ಲಿ ಬಹಿರಂಗ ಚರ್ಚೆಯಾಗಿ, 2005ರ ಆಗಸ್ಟ್ 13ರಂದು ಗವರ್ನರ್ ಮೈಕ್ ಈಸ್ಲಿಯವರ ರುಜುವಿನಿಂದ ಮಿತಿ 15ಕ್ಕೆ ಏರಿತು. ಇದೇ ಜಾಡಿನಲ್ಲಿ ಅಲಬಾಮದವರು 2009ರಲ್ಲಿ 6ರಿಂದ 13.9ಕ್ಕೂ, ಮಿಸಿಸಿಪ್ಪಿಯವರು 2012ರಲ್ಲಿ ತೂಕದ ಶೇಕಡಾ 5ರಿಂದ 8ಕ್ಕೂ ಏರಿಸಿಕೊಂಡರು. ಪರವಾಗಲಿ ವಿರೋಧವಾಗಲಿ, ಯಾರು ಏನು ಹೇಳಿದರೆಂಬುದು ಊರಿಗೆಲ್ಲ ಗೊತ್ತು. ಈ ಮಾತು ನಮಗೆ ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆಗೆ ತಿರುಗೋಣ. ಮದ್ಯಕ್ಕೆ ಅಳತೆ ಹಾಕುವುದು ನಮಗೆ ಇಂಗ್ಲಿಷರು ಕಲಿಸಿದ ವಿದ್ಯೆಯಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಅಕ್ಕಿಯಿಂದ ಮಾಡುವ ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಪಾಕದ ಲೆಕ್ಕ ಅಲ್ಲಿದೆ. ಉತ್ಸವ, ಜಾತ್ರೆ, ಯಾತ್ರೆಗಳಲ್ಲಿ ನಾಲ್ಕು ದಿನ ಸುರೆಗೆ ಅನುಮತಿ. ಗೃಹಸ್ಥರು ಶುಭಕಾರ್ಯಗಳಿಗೆ ಬಿಳಿಯ ಸುರೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಿಗಿಯ ನಡುವೆ ಸಡಿಲ, ಸಡಿಲಕ್ಕೂ ಒಂದು ಮೇರೆ. ಆ ಪುಟಗಳು ಲೋಕಕ್ಕೆ ಬಂದದ್ದು ಕನ್ನಡ ನಾಡಿನಿಂದ ಎಂಬುದು ನಮಗೆ ಹೆಮ್ಮೆಯ ಮಾತು.

ಬ್ರಿಟಿಷರ ಕಾಲದ ಕಾಯಿದೆಗಳು ಇಷ್ಟು ವಿವರಕ್ಕೆ ಇಳಿಯಲಿಲ್ಲ. ನಾವು ಈಗಿರುವ ಪ್ರಾಂತದ 1910ರ ಅಬಕಾರಿ ಕಾಯಿದೆಯಲ್ಲಿ ಬಿಯರ್ ಎಂದರೆ ಏಲ್, ಸ್ಟೌಟ್, ಪೋರ್ಟರ್ ಮತ್ತು ಮೊಳಕೆ ಧಾನ್ಯದಿಂದ ಸಾಮಾನ್ಯವಾಗಿ ಮಾಡುವ ಎಲ್ಲ ಹುಳಿಸಿದ ಪಾನೀಯ, ಅಷ್ಟೆ. ಬಲದ ಅಂಕೆ ಆ ವ್ಯಾಖ್ಯೆಯಲ್ಲಿ ಇಲ್ಲ. ಮುಂದೆ 1965ರ ನಮ್ಮ ರಾಜ್ಯದ ಅಬಕಾರಿ ಕಾಯಿದೆಯೂ ಇದೇ ಮಾತನ್ನು ಎತ್ತಿಕೊಂಡಿತು.

ಅಷ್ಟರೊಳಗೆ ಕನ್ನಡ ನಾಡು ಪಾನನಿರೋಧದ ಕಾಲವನ್ನು ಕಂಡಿತ್ತು. ಮದ್ರಾಸು ಪ್ರಾಂತದಲ್ಲಿ 1948ರ ಹೊತ್ತಿಗೆ ನಿಷೇಧ ಪೂರ್ತಿಯಾಗಿ, ದಕ್ಷಿಣ ಕನ್ನಡವೂ ಬಳ್ಳಾರಿಯೂ ಒಣಗಿದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಿಗೆ ಮುಂಬಯಿಯ 1949ರ ಕಾಯಿದೆ. ಅದರ ದೃಷ್ಟಿಯಲ್ಲಿ ಮದ್ಯಸಾರವುಳ್ಳ ದ್ರವವೆಲ್ಲ ಮದ್ಯವೇ. ಬಿಯರೂ ಸಾರಾಯಿಯೂ ಒಂದೇ ತಕ್ಕಡಿ. ಬಾಲ್ಸಾರಾ ಎಂಬವರು ವಿಸ್ಕಿ, ಬಿಯರುಗಳಿಂದ ಹಿಡಿದು ಸುಗಂಧದ ನೀರಿನವರೆಗೆ ಒಂದು ಪಟ್ಟಿ ಹಿಡಿದು ನ್ಯಾಯಾಲಯಕ್ಕೆ ಹೋದರು. 1951ರ ಮೇ 25ರಂದು ಸುಪ್ರೀಂ ಕೋರ್ಟು ಔಷಧಿಗೂ ಸುಗಂಧಕ್ಕೂ ಬಿಡುಗಡೆ ಕೊಟ್ಟಿತು, ಬಿಯರಿಗೆ ಕೊಡಲಿಲ್ಲ.

ಇತ್ತ ಬೆಂಗಳೂರಿನಲ್ಲಿ ಬೇರೆಯೇ ನೋಟ. 1915ರಲ್ಲಿ ಥಾಮಸ್ ಲೀಷ್ಮನ್ ಹಲವು ಸಣ್ಣ ಕಾರ್ಖಾನೆಗಳನ್ನು ಕೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್‌ಗೆ 1947ರಲ್ಲಿ ಬಂಟ್ವಾಳ ಮೂಲದ ವಿಠ್ಠಲ ಮಲ್ಯರು ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. 1956ರಲ್ಲಿ ನಾಡು ಒಂದಾದಾಗ ಒಂದೇ ರಾಜ್ಯದಲ್ಲಿ ಹುಬ್ಬಳ್ಳಿ ಒಣ, ಬೆಂಗಳೂರು ಹಸಿ, ಹೈದರಾಬಾದಿನಿಂದ ಬಂದ ಗುಲಬರ್ಗ ಹಸಿ, ಮಂಗಳೂರು ಒಣ! ಏಕೀಕರಣದ ತೊಡಕುಗಳನ್ನು ಬರೆಯುವವರು ಭಾಷೆ, ಗಡಿ, ನೀರಿನ ಮಾತು ಬರೆಯುತ್ತಾರೆ. ಈ ತೊಡಕನ್ನು ಯಾರೂ ಬರೆದಂತಿಲ್ಲ. 1961ರ ಮೈಸೂರು ಪಾನನಿರೋಧ ಕಾಯಿದೆ ಹಲವು ಕಾನೂನುಗಳ ಬದಲು ಒಂದನ್ನು ತಂದಿತು. ಆದರೆ ಕಳ್ಳಭಟ್ಟಿ ನಿಲ್ಲಲಿಲ್ಲ, ಬೊಕ್ಕಸ ತುಂಬಲಿಲ್ಲ. 1964ರ ಟೇಕಚಂದ್ ತಂಡದ ವರದಿ ದೇಶಾದ್ಯಂತ ನಿಷೇಧವನ್ನು ಗಟ್ಟಿಗೊಳಿಸಬೇಕೆಂದರೂ, ನಿಜಲಿಂಗಪ್ಪನವರ ಸರ್ಕಾರ 1967ರಲ್ಲಿ ಅದನ್ನು ಕೈಬಿಟ್ಟಿತು. ನಿಷೇಧದ ಪರವಾಗಿದ್ದವರು ಇದನ್ನು ಗಾಂಧೀಜಿಯವರಿಗೆ ಬಗೆದ ದ್ರೋಹವೆಂದರು. ಸಂಬಳದ ದಿನ ಗಂಡ ಬರಿಗೈಯಲ್ಲಿ ಬರುವುದನ್ನು ಕಂಡ ಹೆಂಗಸರ ಮಾತನ್ನು ಯಾರು ಕೇಳಿದರೋ ಕಾಣೆವು.

ಆಮೇಲೆ ನಡೆದದ್ದೇ ನಮ್ಮ ಲೇಖನದ ತಿರುಳು. ಮದ್ಯ ಸಂವಿಧಾನದಲ್ಲಿ ರಾಜ್ಯಗಳ ವಿಷಯ, ಸುಂಕವೂ ರಾಜ್ಯದ್ದೇ. ಬಟ್ಟಿ ಇಳಿಸಿದ ಮದ್ಯಕ್ಕೆ ಅದರ ಬಲವನ್ನು ನೋಡಿ ಸುಂಕ ಹಾಕುವುದು ಹಳೆಯ ಪದ್ಧತಿ. ಬಿಯರಿಗೆ ಹಾಗಲ್ಲ, ಇಷ್ಟು ಲೀಟರಿಗೆ ಇಷ್ಟು ಎಂದು ಒಟ್ಟು ಅಳತೆಯ ಮೇಲೆ. ನೀರಿಗೂ ಸುಂಕ, ಮದ್ಯಸಾರಕ್ಕೂ ಸುಂಕ. ಕೊಳ್ಳುವವನು ದಡ್ಡನಲ್ಲ. ಹೆಚ್ಚುಕಡಮೆ ಅದೇ ಹಣಕ್ಕೆ ಬಲ ಹೆಚ್ಚಿರುವ ಸೀಸೆ ಸಿಕ್ಕರೆ ಹಗುರದ್ದನ್ನು ಏಕೆ ಕೊಂಡಾನು? 1980ರ ದಶಕದಲ್ಲಿ ಷಾ ವಾಲೇಸಿನವರ ಹೇವರ್ಡ್ಸ್ 5000, ಮೈಸೂರು ಬ್ರೂವರೀಸಿನ ನಾಕ್‌ಔಟ್ ಮೊದಲಾದ ಬಲವಾದ ಬಿಯರುಗಳು ಬಂದವು. ಹೆಸರುಗಳೇ ಕುಸ್ತಿಯ ಕಣದಂತಿವೆ. ಇಂದು ದೇಶದಲ್ಲಿ ಮಾರುವ ಬಿಯರಿನ ಬಹುಪಾಲು ಈ ಜಾತಿಯದು. ಕೆಲವು ರಾಜ್ಯಗಳು 5ರ ಕೆಳಗಿನದಕ್ಕೂ ಮೇಲಿನದಕ್ಕೂ ಬೇರೆ ದರ ಇಟ್ಟದ್ದುಂಟು. ಅಭ್ಯಾಸ ಬದಲಾಗುವಷ್ಟು ಅಂತರ ಅವುಗಳ ನಡುವೆ ಇರಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಿಯರಿನ ಮೇಲಿನ ಹೆಚ್ಚುವರಿ ಸುಂಕ 2023ರಲ್ಲಿ ಶೇಕಡಾ 175ರಿಂದ 185ಕ್ಕೆ, ಮರುವರ್ಷ 195ಕ್ಕೆ ಏರಿತು. ಹಗುರದ್ದಕ್ಕೆ ಸುಂಕ ಇಳಿಸಿರೆಂದು ತಯಾರಕರು ಕೇಳುತ್ತಲೇ ಬಂದಿದ್ದಾರೆ. ಅವರ ಕೋರಿಕೆಯಲ್ಲಿ ಲಾಭದ ಆಸೆ ಇಲ್ಲವೆನ್ನಲಾರೆವು. ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ.

ಅಮೆರಿಕದವರ ಅಂಕೆ ಮೂಲ ಕಾಯಿದೆಯಲ್ಲೇ ಇದ್ದುದರಿಂದ ಅದನ್ನು ತಿದ್ದಲು ಸಭೆ ಸೇರಬೇಕಾಯಿತು, ವಾದಿಸಬೇಕಾಯಿತು. ನಮ್ಮ ಬಿಯರಿನ ಅಂಕೆ ಇರುವುದು ಕಾಯಿದೆಯ ಕೆಳಗಿನ ನಿಯಮಗಳಲ್ಲಿ. ರಾಜ್ಯಪತ್ರದಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆಗೆ ಕೆಲವು ದಿನ ಗಡುವಿರುತ್ತದೆ, ಗಡುವು ಮುಗಿಯುತ್ತದೆ. ರಾಜ್ಯಪತ್ರ ಓದುವ ಗೃಹಸ್ಥರು ಎಷ್ಟು ಮಂದಿ? ದೇಶಕ್ಕೆಲ್ಲ ಅನ್ವಯಿಸುವ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು 2019ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಶೇಕಡಾ 5ರವರೆಗೆ ಸಾಧಾರಣ ಬಿಯರು, ಅದಕ್ಕೆ ಮೇಲೆ 8ರವರೆಗೆ ಬಲವಾದದ್ದು ಎಂದು ಅವು ಗೆರೆ ಎಳೆದವು. ಈ 8 ಏಳಾಗಬೇಕೆಂದು ಯಾವ ಹೆಂಗಸರ ಸಂಘವೂ, ಒಂಬತ್ತಾಗಬೇಕೆಂದು ಯಾವ ರಸಿಕರ ಕೂಟವೂ ಬೀದಿಗೆ ಇಳಿದದ್ದನ್ನು ನಾವು ಕಂಡಿಲ್ಲ. ಯೂಟಾದಲ್ಲಿ ಎಂಟು ದಶಕ ಜಗ್ಗಾಡಿ ತಲಪಿದ ಮೇಲ್ಮಿತಿ ಯಾವುದೋ, ನಮ್ಮ ಬಲವಾದ ಬಿಯರು ಆರಂಭವಾಗುವುದೇ ಅದನ್ನು ದಾಟಿದ ಮೇಲೆ.

ಈ ಲೇಖನಕ್ಕಾಗಿ ಒಂದು ಸಂಜೆ ನಾವು ರಾಮನಗರದ ಅಂಗಡಿಯೊಂದಕ್ಕೆ ಹೋದೆವು. ಉತ್ತರ ಪ್ರದೇಶದಲ್ಲಿ 2025ರ ಏಪ್ರಿಲಿನಿಂದ ಬಿಯರಿಗೂ ವಿದೇಶಿ ಮದ್ಯಕ್ಕೂ ಇದ್ದ ಬೇರೆ ಬೇರೆ ಅಂಗಡಿಗಳನ್ನು ಒಂದು ಮಾಡಿದ್ದಾರೆ. ಧೋತರ ಉಟ್ಟ ಮುದುಕರನ್ನು ಕಂಡು ಕಟಕಟೆಯ ಹಿಂದಿನ ಹುಡುಗ ಗಲಿಬಿಲಿಗೊಂಡ. ಕೊಳ್ಳುವುದಕ್ಕಲ್ಲಪ್ಪ, ಓದುವುದಕ್ಕೆ ಎಂದು ಹೇಳಿ ಸೀಸೆಯನ್ನು ತೆಗೆದುಕೊಂಡೆವು. ಕನ್ನಡಕ ಏರಿಸಿ ನೋಡಿದರೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 8 ಎಂದಿತ್ತು. 5ರದು ಇದೆಯೇ ಎಂದು ಕೇಳಿದೆವು. ಹಿಂದಿನ ಸಾಲುಗಳನ್ನು ಸರಿಸಿ ಹುಡುಕಿ ಬಂದು, "ಯಾರೂ ಕೇಳುವುದಿಲ್ಲ ಬಾಬೂಜಿ, ಅದಕ್ಕೇ ತರಿಸುವುದಿಲ್ಲ" ಎಂದ.